ಬಿಳಿಸೆರಗಿನ ಸುತ್ತ ಮೌನ: ಪರೀಕ್ಷೆಯಿಲ್ಲದೆ ಸಾಗುವ ಚಿಕಿತ್ಸೆ

ಕರ್ನಾಟಕ ಸಚಿವ ಸಂಪುಟವು 2025ರ ಅಕ್ಟೋಬರ್ ತಿಂಗಳಲ್ಲಿ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ನೀಡಿದಾಗ ರಾಜ್ಯದಾದ್ಯಂತ ಅದರ ಚರ್ಚೆ ನಡೆಯಿತು. ದುಡಿಯುವ ಮಹಿಳೆಗೆ ತಿಂಗಳಿಗೆ ಒಂದು ದಿನ ವೇತನಸಹಿತ ರಜೆ ಕೊಡಬೇಕೇ ಬೇಡವೇ ಎಂಬ ಬಗ್ಗೆ ಪರ, ವಿರೋಧದ ಮಾತುಗಳು ಏನೇ ಇರಲಿ, ಮನೆಯ ಒಳಕೋಣೆಗೆ ಸೀಮಿತವಾಗಿದ್ದ ವಿಷಯವೊಂದು ವಿಧಾನಸೌಧದ ಕಡತವನ್ನು ಸೇರಿತು ಎಂಬುದು ಗಮನಾರ್ಹ. ಆದರೆ ಅದರ ಪಕ್ಕದಲ್ಲೇ ಇರುವ ಇನ್ನೊಂದು ವಿಷಯ ಇಂದಿಗೂ ಒಳಕೋಣೆಯಿಂದ ಹೊರಬಂದಿಲ್ಲ. ಬಿಳಿಸೆರಗು, ಬಿಳಿಮುಟ್ಟು, ಬಿಳುಪು ಹೋಗುವುದು, ಶ್ವೇತಪ್ರದರ ಎಂದು ಅದಕ್ಕೆ ಹೆಸರುಗಳು ಹಲವು. ಹೆಸರು ಹಲವಿದ್ದರೂ ಮಾತು ಮಾತ್ರ ಕಡಿಮೆ.

ಈ ಮೌನದಿಂದ ಎರಡು ಬಗೆಯ ತಪ್ಪುಗಳು ನಡೆಯುತ್ತಿವೆ. ಆರೋಗ್ಯವಂತ ಮಹಿಳೆ ತನ್ನ ದೇಹದ ಸಹಜ ಸ್ರಾವವನ್ನು ರೋಗವೆಂದು ಭಾವಿಸಿ ಬೇಡದ ಮಾತ್ರೆ ನುಂಗುತ್ತಾಳೆ. ನಿಜವಾಗಿ ರೋಗವಿರುವಾಕೆ ‘ಎಲ್ಲ ಹೆಂಗಸರಿಗೂ ಇದ್ದದ್ದೇ’ ಎಂದು ತಿಂಗಳುಗಟ್ಟಲೆ ಸುಮ್ಮನಿರುತ್ತಾಳೆ. ಎರಡೂ ತಪ್ಪುಗಳ ಮೂಲ ಒಂದೇ. ವೈದ್ಯರು ಪರೀಕ್ಷಿಸಿ ನೋಡುವ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಆ ತೀರ್ಮಾನವನ್ನು ಒಮ್ಮೆ ಮನೆಯ ಹಿರಿಯರು ಮಾಡುತ್ತಾರೆ, ಇನ್ನೊಮ್ಮೆ ಔಷಧ ಅಂಗಡಿಯಾತ ಮಾಡುತ್ತಾನೆ. ಕೆಲವೊಮ್ಮೆ ಆಸ್ಪತ್ರೆಯೇ ಮಾಡುತ್ತದೆ.

ಸಹಜ ಸ್ರಾವ ಎಂದರೇನು?

ಯೋನಿಸ್ರಾವ ರೋಗವಲ್ಲ, ದೇಹದ ರಕ್ಷಣಾ ವ್ಯವಸ್ಥೆ. ಯೋನಿಯಲ್ಲಿ ಸಹಜವಾಗಿ ನೆಲೆಸಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಾಣುಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಹಾಲನ್ನು ಮೊಸರಾಗಿಸುವ ಸೂಕ್ಷ್ಮಾಣುಗಳ ಹತ್ತಿರದ ಸಂಬಂಧಿಗಳಿವು. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲಿಯೇ ಇವುಗಳನ್ನು ವಿವರಿಸಿದ್ದರು. ಇವುಗಳ ಆಮ್ಲದಿಂದಾಗಿ ಯೋನಿಯ ಪಿಎಚ್ ಮಟ್ಟ ಸಾಮಾನ್ಯವಾಗಿ 3.8ರಿಂದ 4.5ರ ಆಸುಪಾಸಿನಲ್ಲಿರುತ್ತದೆ. ಈ ಹುಳಿಯಲ್ಲಿ ಹೆಚ್ಚಿನ ರೋಗಾಣುಗಳು ಬೆಳೆಯಲಾರವು.

ಸಹಜ ಸ್ರಾವವು ನೀರಿನಂತೆ ತಿಳಿಯಾಗಿ ಅಥವಾ ಹಾಲಿನಂತೆ ಬೆಳ್ಳಗಿರುತ್ತದೆ. ದುರ್ವಾಸನೆ, ತುರಿಕೆ, ಉರಿ ಇರುವುದಿಲ್ಲ. ಋತುಚಕ್ರದ ಮಧ್ಯಭಾಗದಲ್ಲಿ, ಅಂಡ ಬಿಡುಗಡೆಯಾಗುವ ವೇಳೆಗೆ ಅದು ಮೊಟ್ಟೆಯ ಬಿಳಿಯಂತೆ ಜಾರುವ ಲೋಳೆಯಾಗಿರುತ್ತದೆ. ಆನಂತರ ಮಂದವಾಗುತ್ತದೆ. ಗರ್ಭಿಣಿಯರಲ್ಲಿ ಪ್ರಮಾಣ ಹೆಚ್ಚು. ಮೈನೆರೆಯುವ ಕೆಲ ತಿಂಗಳ ಮೊದಲೇ ಹುಡುಗಿಯರಲ್ಲಿ ಇದು ಕಾಣಿಸಿಕೊಳ್ಳುವುದೂ ಸಹಜವೇ. ಒಳಉಡುಪಿನ ಮೇಲೆ ಒಣಗಿದಾಗ ತುಸು ಹಳದಿ ಕಲೆಯಾಗಿ ಕಂಡರೆ ಗಾಬರಿಪಡಬೇಕಿಲ್ಲ. ಪ್ರತಿ ಮಹಿಳೆಯ ಸ್ರಾವದ ಪ್ರಮಾಣ ಬೇರೆ ಬೇರೆ. ಆದುದರಿಂದ ಪಕ್ಕದ ಮನೆಯಾಕೆಯ ಜೊತೆಗಿನ ಹೋಲಿಕೆಗಿಂತ, ತನ್ನದೇ ಎಂದಿನ ಸ್ಥಿತಿಗೆ ಹೋಲಿಸಿದರೆ ಏನು ಬದಲಾಗಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

‘ಮೈ ಉಷ್ಣವಾಗಿದೆ’ ಎಂಬುದು ಕನ್ನಡ ನಾಡಿನ ಮನೆಗಳಲ್ಲಿ ಬಿಳಿಸೆರಗಿಗೆ ಸಿಗುವ ಸಾಮಾನ್ಯ ವಿವರಣೆ. ಬಾರ್ಲಿ ನೀರು, ಎಳನೀರು, ಮಜ್ಜಿಗೆ ಕುಡಿದರೆ ಹಾನಿಯೇನೂ ಇಲ್ಲ. ಆದರೆ ಸೋಂಕಿದ್ದರೆ ಅವುಗಳಿಂದ ವಾಸಿಯಾಗುವುದಿಲ್ಲ. ಸ್ರಾವದಿಂದ ದೇಹದ ಸತ್ವ ಸೋರಿಹೋಗುತ್ತದೆ, ಮೂಳೆ ಸವೆಯುತ್ತದೆ ಎಂಬ ಭಯಕ್ಕಂತೂ ಯಾವ ಆಧಾರವೂ ಇಲ್ಲ.

ಮೂರು ಸಾಮಾನ್ಯ ಕಾರಣಗಳು

ಸ್ರಾವದ ಸ್ವರೂಪ ಬದಲಾದಾಗ ಅದರ ಹಿಂದೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಮೊದಲನೆಯದು ಬ್ಯಾಕ್ಟೀರಿಯಲ್ ವೆಜೈನೋಸಿಸ್. ಯೋನಿಯ ಸಹಜ ಸೂಕ್ಷ್ಮಾಣುಗಳು ಕಡಿಮೆಯಾಗಿ ಗಾರ್ಡ್ನೆರೆಲ್ಲಾ ಮೊದಲಾದವು ಹೆಚ್ಚಾದಾಗ ಉಂಟಾಗುವ ಅಸಮತೋಲನವಿದು. ಸ್ರಾವ ತೆಳುವಾಗಿ, ಬೂದುಮಿಶ್ರಿತ ಬಿಳಿಯಾಗಿ, ಮೀನಿನಂತಹ ವಾಸನೆಯಿಂದ ಕೂಡಿರುತ್ತದೆ. ಲೈಂಗಿಕ ಸಂಪರ್ಕದ ನಂತರ ವಾಸನೆ ಹೆಚ್ಚಾಗಬಹುದು. ತುರಿಕೆ ಅಷ್ಟಾಗಿ ಇರುವುದಿಲ್ಲ.

ಎರಡನೆಯದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಸ್ರಾವ ಒಡೆದ ಹಾಲಿನಂತೆ ಅಥವಾ ಮೊಸರಿನ ಗಟ್ಟಿಯಂತೆ ಇರುತ್ತದೆ. ವಾಸನೆ ಇಲ್ಲ, ಆದರೆ ತುರಿಕೆ ಮತ್ತು ಉರಿ ತೀವ್ರ. ಇದು ಲೈಂಗಿಕ ರೋಗವಲ್ಲ. ಗರ್ಭಾವಸ್ಥೆಯಲ್ಲಿ, ಬೇರಾವುದೋ ಕಾಯಿಲೆಗೆ ಆ್ಯಂಟಿಬಯೋಟಿಕ್ ಸೇವಿಸಿದ ನಂತರ, ಹತೋಟಿ ತಪ್ಪಿದ ಮಧುಮೇಹದಲ್ಲಿ ಇದು ಹೆಚ್ಚು. ಪದೇ ಪದೇ ಇಂಥ ಸೋಂಕು ಬರುತ್ತಿರುವ ಮಹಿಳೆಯ ರಕ್ತದ ಸಕ್ಕರೆ ಪ್ರಮಾಣವನ್ನು ನೋಡಲೇಬೇಕು. ಮಧುಮೇಹ ಇರುವುದು ಈ ದಾರಿಯಿಂದಲೇ ಮೊದಲು ಗೊತ್ತಾಗುವ ಪ್ರಸಂಗಗಳುಂಟು.

ಮೂರನೆಯದು ಟ್ರೈಕೊಮೋನಾಸ್ ಎಂಬ ಏಕಕೋಶ ಜೀವಿಯಿಂದ ಬರುವ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಸ್ರಾವ ಹಳದಿ ಅಥವಾ ಹಸಿರು ಮಿಶ್ರಿತವಾಗಿ, ಕೆಲವೊಮ್ಮೆ ನೊರೆಯಾಗಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಇದರ 15.6 ಕೋಟಿ ಹೊಸ ಪ್ರಕರಣಗಳು ಉಂಟಾದವು. ಇಲ್ಲಿ ಪತಿ ಅಥವಾ ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಮರಳಿ ಬರುತ್ತದೆ.

ಇವಲ್ಲದೆ ಗೊನೊರಿಯಾ, ಕ್ಲಮಿಡಿಯಾ ಎಂಬ ಸೋಂಕುಗಳು ಗರ್ಭಕಂಠದಲ್ಲಿ ನೆಲೆಸುತ್ತವೆ. ಇವು ಬಹಳ ಮಂದಿಯಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಚಿಕಿತ್ಸೆಯಾಗದೆ ಉಳಿದರೆ ಗರ್ಭಕೋಶ ಮತ್ತು ಅಂಡನಾಳಗಳಿಗೆ ಹಬ್ಬಿ ಬಂಜೆತನಕ್ಕೆ ಅಥವಾ ಗರ್ಭಕೋಶದ ಹೊರಗೆ ಗರ್ಭ ಕಟ್ಟುವ ಅಪಾಯಕ್ಕೆ ಕಾರಣವಾಗಬಲ್ಲವು.

ಮೇಲಿನ ವಿವರಣೆ ಪಠ್ಯಪುಸ್ತಕದ್ದು. ನಿಜ ಜೀವನದಲ್ಲಿ ಬಣ್ಣ, ವಾಸನೆಗಳು ಇಷ್ಟು ಸ್ಪಷ್ಟವಾಗಿ ಬೇರ್ಪಡುವುದಿಲ್ಲ. ಎರಡು ಸೋಂಕು ಒಟ್ಟಿಗೇ ಇರಬಹುದು. ಲಕ್ಷಣವನ್ನಷ್ಟೇ ಕೇಳಿ ಕಾರಣ ಹೇಳಹೊರಟರೆ ಅನುಭವಿ ವೈದ್ಯರೂ ಎಡವುತ್ತಾರೆ. ಪರೀಕ್ಷೆ ಬೇಕೆನ್ನುವುದು ಇದಕ್ಕಾಗಿಯೇ.

ಎರಡು ಅಧ್ಯಯನಗಳು ಕಲಿಸಿದ ಪಾಠ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಹಾಗೂ ಅವರ ತಂಡದವರು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ವೈದ್ಯಲೋಕದ ಕಣ್ಣು ತೆರೆಸಿತು. ತಮಗೆ ಸ್ತ್ರೀರೋಗದ ತೊಂದರೆ ಇದೆ ಎಂದು ಹೇಳಿಕೊಂಡವರು ಶೇ. 55. ಪರೀಕ್ಷೆಯಲ್ಲಿ ತೊಂದರೆ ಕಂಡುಬಂದದ್ದು ಶೇ. 92 ಮಂದಿಯಲ್ಲಿ. ಅದಕ್ಕೆ ಮೊದಲು ಎಂದಾದರೂ ಅಂತಹ ಪರೀಕ್ಷೆಗೆ ಒಳಗಾಗಿದ್ದವರು ಕೇವಲ ಶೇ. 8. ಬಾಯಿಬಿಟ್ಟು ಹೇಳದ ರೋಗ ಎಷ್ಟಿದೆ ಎಂಬುದಕ್ಕೆ ಇದು ಸಾಕ್ಷಿ.

ನೆರೆಯ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಮಹಿಳೆಯರ ನಡುವೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ನಾಣ್ಯದ ಇನ್ನೊಂದು ಮುಖವನ್ನು ತೋರಿಸಿತು. ಬಿಳಿಸೆರಗಿನ ದೂರು ಹೇಳಿದವರು ಶೇ. 14.5. ಅವರಲ್ಲಿ ಹಲವರು ಕಾರಣವಾಗಿ ಹೇಳಿದ್ದು ಮಾನಸಿಕ ಒತ್ತಡ ಮತ್ತು ಮೈ ಉಷ್ಣವನ್ನು. ದೂರಿನೊಂದಿಗೆ ಸೋಂಕಿಗಿಂತ ಹೆಚ್ಚು ಗಾಢವಾದ ನಂಟು ಕಂಡುಬಂದದ್ದು ಖಿನ್ನತೆ, ಆತಂಕ ಮುಂತಾದ ಮನೋಸಾಮಾಜಿಕ ಅಂಶಗಳಿಗೆ. ಮನೆಯ ಸಂಕಟವನ್ನು ಹೇಳಿಕೊಳ್ಳಲಾಗದ ಮಹಿಳೆಗೆ ಸೊಂಟನೋವು, ನಿಶ್ಶಕ್ತಿ, ಬಿಳುಪು ಎಂಬ ಮಾತುಗಳೇ ವೈದ್ಯರ ಬಾಗಿಲು ತಟ್ಟುವ ದಾರಿಯಾಗಿರಬಹುದು.

ಹೇಳದವರಲ್ಲಿ ರೋಗವಿದೆ, ಹೇಳಿದವರೆಲ್ಲರಲ್ಲಿ ಸೋಂಕಿಲ್ಲ ಎಂಬುದು ಈ ಎರಡೂ ಅಧ್ಯಯನಗಳ ಸಾರ. ಆ ಎರಡನ್ನು ಬೇರ್ಪಡಿಸಬಲ್ಲದ್ದು ಪರೀಕ್ಷೆ ಮತ್ತು ಸಾವಧಾನದ ಮಾತುಕತೆ ಮಾತ್ರ.

ಹಸಿರು ಪೊಟ್ಟಣದ ಮಿತಿ

ಪ್ರಯೋಗಾಲಯಗಳಿಲ್ಲದ ಬಡ ರಾಷ್ಟ್ರಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಾಧಾರಿತ ಚಿಕಿತ್ಸೆ ಎಂಬ ಕ್ರಮವನ್ನು ರೂಪಿಸಿತು. ಪರೀಕ್ಷಾ ವರದಿಗಾಗಿ ಕಾಯದೆ, ಆ ಲಕ್ಷಣಕ್ಕೆ ಕಾರಣವಾಗಬಹುದಾದ ಪ್ರಮುಖ ಸೋಂಕುಗಳೆಲ್ಲಕ್ಕೂ ಒಂದೇ ಭೇಟಿಯಲ್ಲಿ ಔಷಧ ನೀಡುವುದು ಇದರ ಉದ್ದೇಶ. ಭಾರತದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಇದಕ್ಕಾಗಿ ಬಣ್ಣ ಬಣ್ಣದ ಏಳು ಬಗೆಯ ಔಷಧ ಪೊಟ್ಟಣಗಳನ್ನು ಜಾರಿಗೆ ತಂದಿತು. ಯೋನಿಸ್ರಾವಕ್ಕೆಂದು ಇರುವ ಹಸಿರು ಪೊಟ್ಟಣದಲ್ಲಿ ಸೆಕ್ನಿಡಾಜೋಲ್ ಮತ್ತು ಫ್ಲುಕೋನಜೋಲ್ ಮಾತ್ರೆಗಳು. ಗರ್ಭಕಂಠದ ಸೋಂಕಿಗೆ ಬೂದು ಬಣ್ಣದ ಪೊಟ್ಟಣ, ಕಿಬ್ಬೊಟ್ಟೆ ನೋವಿಗೆ ಹಳದಿ.

ಈ ಕ್ರಮದಿಂದ ಲಕ್ಷಾಂತರ ಮಹಿಳೆಯರಿಗೆ ಉಚಿತ ಚಿಕಿತ್ಸೆ ದೊರೆತಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಮಾರ್ಗಸೂಚಿಯ ಪ್ರಕಾರ ಪೊಟ್ಟಣ ಕೈಗಿಡುವ ಮೊದಲು ಸ್ಪೆಕ್ಯುಲಂ ಉಪಕರಣದಿಂದ ಗರ್ಭಕಂಠವನ್ನು ಕಣ್ಣಾರೆ ನೋಡಬೇಕು. ಹಸಿರು ಬೇಕೋ ಬೂದು ಬೇಕೋ ಎಂಬುದು ತಿಳಿಯುವುದು ಅಲ್ಲಿಯೇ. ಮರೆಯಿಲ್ಲದ ಕೊಠಡಿ, ಮಹಿಳಾ ಸಿಬ್ಬಂದಿಯ ಕೊರತೆ, ಹೊರರೋಗಿಗಳ ಉದ್ದನೆಯ ಸಾಲು ಇವುಗಳ ನಡುವೆ ಆ ಹಂತವನ್ನೇ ಬಿಟ್ಟು ಮುಂದೆ ಹೋಗುವುದು ಸುಲಭ. ಹಾಗಾದಾಗ ಲಕ್ಷಣಾಧಾರಿತ ಚಿಕಿತ್ಸೆ ಊಹೆಯ ಚಿಕಿತ್ಸೆಯಾಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಜುಲೈನಲ್ಲಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯಲ್ಲಿ, ಸಾಧ್ಯವಿರುವ ಕಡೆಗಳಲ್ಲೆಲ್ಲ ಗುಣಮಟ್ಟದ ಪ್ರಯೋಗಾಲಯ ಪರೀಕ್ಷೆಯನ್ನು ಆಧರಿಸಿಯೇ ಚಿಕಿತ್ಸೆ ನೀಡುವಂತೆ ಹೇಳಿರುವುದು ಈ ಹಿನ್ನೆಲೆಯಲ್ಲಿ ಮಹತ್ವದ್ದು.

ಔಷಧ ಅಂಗಡಿಯ ಕಥೆ ಬೇರೆಯೇ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮಾತ್ರೆಗಳು ನಗರಗಳ ಬೀದಿ ಬೀದಿಯಲ್ಲಿ ಕೈಗೆ ಸಿಗುತ್ತವೆ. ತುರಿಕೆಗೆಂದು ಸ್ಟಿರಾಯ್ಡ್ ಬೆರೆತ ಮುಲಾಮು ಕೊಡುವುದೂ ಉಂಟು. ಎರಡು ದಿನ ಆರಾಮವೆನಿಸಿ, ಒಳಗೆ ಸೋಂಕು ಬೆಳೆಯುತ್ತದೆ. ಇದರ ಜೊತೆಗೆ ‘ಒಳಗಿನ ಶುಚಿತ್ವ’ದ ಹೆಸರಿನಲ್ಲಿ ಮಾರಾಟವಾಗುವ ದ್ರಾವಣಗಳ ಹಾವಳಿ. ಯೋನಿಯು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಅಂಗ. ಒಳಭಾಗವನ್ನು ಸೋಪು, ಡೆಟಾಲ್, ಸುವಾಸಿತ ದ್ರಾವಣಗಳಿಂದ ತೊಳೆದರೆ ರಕ್ಷಣೆ ನೀಡುವ ಸೂಕ್ಷ್ಮಾಣುಗಳೇ ನಾಶವಾಗುತ್ತವೆ. ಹೊರಭಾಗವನ್ನು ಬರಿಯ ನೀರಿನಿಂದ ತೊಳೆದರೆ ಸಾಕು.

ಗಂಡಸಿಗೂ ಚಿಕಿತ್ಸೆ: ಹೊಸ ಬೆಳಕು

ಬ್ಯಾಕ್ಟೀರಿಯಲ್ ವೆಜೈನೋಸಿಸ್ ಚಿಕಿತ್ಸೆಯ ನಂತರವೂ ಪದೇ ಪದೇ ಮರಳುವುದು ವೈದ್ಯರಿಗೆ ದೀರ್ಘಕಾಲದ ತಲೆನೋವು. ಮಹಿಳೆಯ ಶುಚಿತ್ವದ ಬಗ್ಗೆಯೇ ಬೊಟ್ಟು ಮಾಡುವುದು ವಾಡಿಕೆಯಾಗಿತ್ತು. 2025ರ ಮಾರ್ಚ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಆಸ್ಟ್ರೇಲಿಯಾದ ಸಂಶೋಧನೆ ಈ ನೋಟವನ್ನು ಬದಲಿಸಿದೆ. ಪರಸ್ಪರರಲ್ಲದೆ ಬೇರೆ ಲೈಂಗಿಕ ಸಂಗಾತಿಯಿಲ್ಲದ ಜೋಡಿಗಳ ಒಂದು ಗುಂಪಿನಲ್ಲಿ ಮಹಿಳೆಗೆ ಮಾತ್ರ ಚಿಕಿತ್ಸೆ ನೀಡಲಾಯಿತು. ಇನ್ನೊಂದು ಗುಂಪಿನಲ್ಲಿ ಪುರುಷನಿಗೂ ಏಳು ದಿನ ಮಾತ್ರೆ ಮತ್ತು ಹಚ್ಚುವ ಮುಲಾಮನ್ನು ಕೊಡಲಾಯಿತು. 12 ವಾರಗಳೊಳಗೆ ಸೋಂಕು ಮರುಕಳಿಸಿದ್ದು ಮೊದಲ ಗುಂಪಿನ ಶೇ. 63 ಮಹಿಳೆಯರಲ್ಲಿ, ಎರಡನೆಯ ಗುಂಪಿನಲ್ಲಿ ಶೇ. 35.

ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ನಿಗದಿತ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ‘ಹೆಂಗಸರ ಕಾಯಿಲೆ’ ಎಂಬ ಹಣೆಪಟ್ಟಿಯ ಅರ್ಧ ಭಾಗ ಗಂಡಸರದ್ದು ಎಂದಾಯಿತು. ಪತ್ನಿಯನ್ನು ಒಬ್ಬಳನ್ನೇ ಆಸ್ಪತ್ರೆಗೆ ಕಳುಹಿಸಿ ಹೊರಗೆ ಬೈಕಿನ ಮೇಲೆ ಕಾಯುವ ಪತಿರಾಯರು ಇನ್ನು ಒಳಗೆ ಹೋಗಿ ವೈದ್ಯರೊಂದಿಗೆ ಮಾತನಾಡಬೇಕಾಗುತ್ತದೆ.

ತಡವಾದರೆ ತೆರಬೇಕಾದ ಬೆಲೆ

ಬಿಳಿಸೆರಗೆಂದು ನಿರ್ಲಕ್ಷಿಸಿದ್ದು ಗರ್ಭಕಂಠದ ಕ್ಯಾನ್ಸರ್ ಆಗಿರಬಹುದೆಂಬುದೇ ಈ ವಿಷಯದ ಅತ್ಯಂತ ಗಂಭೀರ ಮುಖ. ನೀರಿನಂತಹ ಅಥವಾ ರಕ್ತಮಿಶ್ರಿತ, ದುರ್ವಾಸನೆಯ ಸ್ರಾವ, ಸಂಭೋಗದ ನಂತರದ ರಕ್ತಸ್ರಾವ, ಮುಟ್ಟು ನಿಂತ ಮೇಲೆ ಮತ್ತೆ ಕಾಣುವ ರಕ್ತ ಇವು ಅದರ ಲಕ್ಷಣಗಳು. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸತ್ತವರು ಸುಮಾರು 80 ಸಾವಿರ.

ಈ ಸಾವುಗಳಲ್ಲಿ ಬಹುಪಾಲನ್ನು ತಪ್ಪಿಸಲು ಸಾಧ್ಯವಿದೆ. ಕ್ಯಾನ್ಸರ್‌ಗೆ ಮುನ್ನಿನ ಬದಲಾವಣೆಗಳು ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತವೆ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಬಿಳಿಯ ಮಚ್ಚೆ ಕಾಣುತ್ತದೆಯೇ ಎಂದು ನೋಡುವ ಅಗ್ಗದ ಪರೀಕ್ಷೆಯನ್ನು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಎಂದಾದರೂ ಇಂತಹ ತಪಾಸಣೆಗೆ ಒಳಗಾಗಿದ್ದವರು ದೇಶದಲ್ಲಿ ಕೇವಲ ಶೇ. 1.9. ಬಿಳಿಸೆರಗಿನ ದೂರು ಹೊತ್ತು ಬರುವ ಮಹಿಳೆಯನ್ನು ಸ್ಪೆಕ್ಯುಲಂ ಬಳಸಿ ಪರೀಕ್ಷಿಸಿದರೆ, ಕ್ಯಾನ್ಸರ್ ಶಂಕೆಯನ್ನು ಅದೇ ಭೇಟಿಯಲ್ಲಿ ಗುರುತಿಸಲು ಅವಕಾಶವುಂಟು. ಮಾತ್ರೆ ಕೊಟ್ಟು ಕಳುಹಿಸಿದರೆ ಆ ಅವಕಾಶ ಕೈತಪ್ಪಿತು.

ವೈದ್ಯರನ್ನು ಕಾಣಬೇಕಾದುದು ಯಾವಾಗ?

ಸ್ರಾವದ ಬಣ್ಣ, ವಾಸನೆ, ಸಾಂದ್ರತೆ ಅಥವಾ ಪ್ರಮಾಣ ಎಂದಿನಂತಿಲ್ಲದಿದ್ದರೆ, ತುರಿಕೆ, ಉರಿ, ಮೂತ್ರ ಮಾಡುವಾಗ ನೋವು ಇದ್ದರೆ ಕೆಲವು ದಿನಗಳೊಳಗೆ ವೈದ್ಯರನ್ನು ಕಾಣುವುದು ಒಳಿತು. ಒಮ್ಮೆ ಔಷಧ ತೆಗೆದುಕೊಂಡು ಗುಣವಾಗದಿದ್ದರೆ ಅಥವಾ ಮತ್ತೆ ಮತ್ತೆ ಬರುತ್ತಿದ್ದರೆ ಅದೇ ಹಳೆಯ ಚೀಟಿಯನ್ನು ಅಂಗಡಿಗೆ ಒಯ್ಯಬಾರದು. ರಕ್ತಮಿಶ್ರಿತ ಸ್ರಾವ, ಸಂಭೋಗದ ನಂತರದ ರಕ್ತ, ಗುಪ್ತಾಂಗದಲ್ಲಿ ಹುಣ್ಣು, ಮುಟ್ಟು ನಿಂತ ನಂತರ ಹೊಸದಾಗಿ ಕಾಣಿಸಿಕೊಂಡ ಸ್ರಾವ ಇದ್ದಲ್ಲಿ ಸ್ತ್ರೀರೋಗ ತಜ್ಞರ ಪರೀಕ್ಷೆ ಅನಿವಾರ್ಯ.

ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಸ್ರಾವದೊಂದಿಗೆ ಜ್ವರ ಹಾಗೂ ಕಿಬ್ಬೊಟ್ಟೆಯ ನೋವು. ಹೆರಿಗೆ ಅಥವಾ ಗರ್ಭಪಾತದ ನಂತರ ದುರ್ವಾಸನೆಯ ಸ್ರಾವ. ಗರ್ಭಿಣಿಯಲ್ಲಿ ನೀರು ಸೋರಿದಂತಾಗುವುದು ಅಥವಾ ರಕ್ತ ಕಾಣುವುದು. ಮುಟ್ಟು ತಪ್ಪಿದಾಕೆಗೆ ಒಂದು ಬದಿಯಲ್ಲಿ ತೀವ್ರ ಹೊಟ್ಟೆನೋವು. ಮೈನೆರೆಯದ ಚಿಕ್ಕ ಹುಡುಗಿಯಲ್ಲಿ ದುರ್ವಾಸನೆಯ ಅಥವಾ ರಕ್ತದ ಸ್ರಾವ ಕಂಡರೆ ಪೋಷಕರು ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. ಒಳಗೆ ಸೇರಿದ ಹೊರವಸ್ತುವಿನಿಂದ ಹಿಡಿದು ಲೈಂಗಿಕ ದೌರ್ಜನ್ಯದವರೆಗೆ ಯಾವ ಕಾರಣವೂ ಇರಬಹುದು.

ವೈದ್ಯರ ಬಳಿ ಹೋಗುವಾಗ ಕೊನೆಯ ಮುಟ್ಟಿನ ದಿನಾಂಕ, ಈಗಾಗಲೇ ಸೇವಿಸಿದ ಮಾತ್ರೆಗಳ ಹೆಸರು, ಗರ್ಭಿಣಿಯಾಗಿರುವ ಸಾಧ್ಯತೆ, ಮಧುಮೇಹ, ಕಾಪರ್-ಟಿ ಬಳಕೆ ಇವುಗಳನ್ನು ಮರೆಮಾಚದೆ ಹೇಳಬೇಕು. ಪರೀಕ್ಷೆಗೆ ಮುನ್ನ ಒಳಭಾಗವನ್ನು ತೊಳೆದುಕೊಳ್ಳಬಾರದು, ತೊಳೆದರೆ ಕಾರಣ ತಿಳಿಯುವ ಮಾದರಿಯೇ ಇಲ್ಲವಾಗುತ್ತದೆ. ಪರೀಕ್ಷೆಯ ವೇಳೆ ಮಹಿಳಾ ಸಿಬ್ಬಂದಿಯೊಬ್ಬರು ಇರಬೇಕೆಂದು ಕೇಳುವುದು ಪ್ರತಿ ಮಹಿಳೆಯ ಹಕ್ಕು.

ಅವಿವಾಹಿತೆಯರ ಪಾಡು ಇನ್ನೂ ಕಷ್ಟ. ‘ಮದುವೆಯಾಗಿದೆಯೇ?’ ಎಂಬ ಮೊದಲ ಪ್ರಶ್ನೆಗೇ ಹೆದರಿ ಎಷ್ಟೋ ಯುವತಿಯರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಬಿಳಿಸೆರಗಿನ ಮುಖ್ಯ ಕಾರಣಗಳಲ್ಲಿ ಕ್ಯಾಂಡಿಡಾ ಸೋಂಕಿಗೆ ಲೈಂಗಿಕ ಸಂಪರ್ಕವೇ ಬೇಕಿಲ್ಲ. ಸ್ಪೆಕ್ಯುಲಂ ಬಳಸಲಾಗದ ಕಡೆ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು ಪಿಎಚ್ ಹಾಗೂ ಸೂಕ್ಷ್ಮದರ್ಶಕ ಪರೀಕ್ಷೆ ಮಾಡಬಹುದು. ವೈದ್ಯರು ಕೇಳಬೇಕಾದ್ದು ಲಕ್ಷಣಗಳನ್ನು ಮತ್ತು ಚಿಕಿತ್ಸೆಗೆ ಅಗತ್ಯವಾದ ವಿವರಗಳನ್ನು ಮಾತ್ರ. ಅದೂ ತಾಯಿಯನ್ನೋ ಸಂಬಂಧಿಕರನ್ನೋ ಹೊರಗೆ ಕೂರಿಸಿ, ಗೌಪ್ಯವಾಗಿ.

ಮುಟ್ಟಿನ ರಜೆಯ ಬಗ್ಗೆ ಬಹಿರಂಗವಾಗಿ ಮಾತನಾಡುವ ಧೈರ್ಯವನ್ನು ರಾಜ್ಯ ತೋರಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮರೆಯಿರುವ ಒಂದು ಪರೀಕ್ಷಾ ಕೊಠಡಿ, ಶುದ್ಧೀಕರಿಸಿದ ಕೆಲವು ಸ್ಪೆಕ್ಯುಲಂಗಳು, ಅದನ್ನು ಬಳಸಲು ತರಬೇತಾದ ಒಬ್ಬ ಶುಶ್ರೂಷಕಿ ಇವಿಷ್ಟು ಒದಗಿದರೆ ಬಿಳಿಸೆರಗಿನ ಚಿಕಿತ್ಸೆಯ ಸ್ವರೂಪವೇ ಬದಲಾಗುತ್ತದೆ. ಇದಕ್ಕೆ ಭಾರಿ ಅನುದಾನವೇನೂ ಬೇಕಿಲ್ಲ. ಅಲ್ಲಿಯವರೆಗೆ, ಪರೀಕ್ಷಿಸದೆ ಮಾತ್ರೆ ಬರೆದುಕೊಡುವ ವೈದ್ಯರನ್ನು ‘ಒಮ್ಮೆ ನೋಡುವುದಿಲ್ಲವೇ?’ ಎಂದು ಮಹಿಳೆಯೇ ಕೇಳಬೇಕಾಗಿದೆ. ಹಾಗೆ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.